ಹೊಲಿದ ಮೇಲೆ ಕತ್ತರಿ

ದರ್ಜಿ ಮೊದಲು ಕತ್ತರಿಸುತ್ತಾನೆ, ಆಮೇಲೆ ಹೊಲಿಯುತ್ತಾನೆ. ಕಟ್‌ವರ್ಕ್ ಮಾಡುವವರದು ತಿರುಗುಮುರುಗು. ಮೊದಲು ಹೊಲಿಗೆ, ಕಟ್ಟಕಡೆಗೆ ಕತ್ತರಿ. ಕುಂದಾಪುರದ ಕಡೆಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹೊಲಿಗೆ ಟೀಚರಾಗಿದ್ದಷ್ಟು ಕಾಲವೂ ನಾನು ಚೂಪು ಕತ್ತರಿಯನ್ನು ನನ್ನ ಮೇಜಿನ ಡ್ರಾಯರಿನಲ್ಲೇ ಇಟ್ಟುಕೊಳ್ಳುತ್ತಿದ್ದೆ. ಹೊಲಿಗೆ ತೋರಿಸಿದವರಿಗೆ ಮಾತ್ರ ಕತ್ತರಿ. ಅವಸರದ ಹುಡುಗಿಯರು ನನ್ನನ್ನು ಬೈದುಕೊಂಡದ್ದೂ ಗೊತ್ತು. ಆದರೆ ಈ ಕೆಲಸದಲ್ಲಿ ಒಂದು ಎಳೆ ತಪ್ಪಿ ಕತ್ತರಿಸಿದರೆ ಮತ್ತೆ ಸೇರಿಸಲು ದಾರಿಯಿಲ್ಲ.

ಕೆಲಸ ನಡೆಯುವುದು ಹೀಗೆ. ಒತ್ತಾಗಿ ನೇಯ್ದ ಬಟ್ಟೆ ಬೇಕು. ಪಾಪ್ಲಿನ್ ಆದೀತು, ಕೇಂಬ್ರಿಕ್ ಆದೀತು, ಲಿನನ್ ಸಿಕ್ಕರೆ ಭಾಗ್ಯ. ಜಾಳು ಬಟ್ಟೆಯಾದರೆ ಕತ್ತರಿ ತಾಗಿದ ಕೂಡಲೇ ಎಳೆ ಬಿಚ್ಚಿಕೊಳ್ಳುತ್ತದೆ. ಬಟರ್ ಪೇಪರಿನ ಮೇಲೆ ಹೂಬಳ್ಳಿ ಬರೆದು, ಗೆರೆಗುಂಟ ಸೂಜಿಯಲ್ಲಿ ಚುಚ್ಚಿ, ಸೀಮೆಎಣ್ಣೆಯಲ್ಲಿ ಕಲಸಿದ ನೀಲಿಯನ್ನು ಹತ್ತಿಯಲ್ಲಿ ಅದ್ದಿ ಒರೆಸಿದರೆ ನಕ್ಷೆ ಬಟ್ಟೆಗೆ ಇಳಿಯುತ್ತದೆ. ಆ ಗೆರೆಯ ಮೇಲೆ ಎರಡು ಸಾಲು ರನ್ನಿಂಗ್ ಹೊಲಿಗೆ. ಎಲೆಗೂ ಹೂವಿಗೂ ನಡುವೆ ದೊಡ್ಡ ಕಂಡಿ ಬೀಳುವಲ್ಲಿ ಈ ದಡದಿಂದ ಆ ದಡಕ್ಕೆ ಮೂರು ಸಲ ದಾರ ಹಾಯಿಸಿ, ಕೆಳಗಿನ ಬಟ್ಟೆಗೆ ಸೂಜಿ ತಾಗದಂತೆ ಆ ದಾರದ ಮೇಲೆಯೇ ಕಾಜಾ ಹೊಲಿಗೆ ಹಾಕಬೇಕು. ನಾವು ಅದನ್ನು ಕಡ್ಡಿ ಎನ್ನುತ್ತಿದ್ದೆವು. ಆಮೇಲೆ ಗೆರೆ ಪೂರ್ತಿ ಒತ್ತೊತ್ತಾಗಿ ಕಾಜಾ ಹೊಲಿಗೆ, ಅದರ ಗಂಟಿನ ಅಂಚು ಕತ್ತರಿಸುವ ಬದಿಗೆ ಬರುವಂತೆ. ಎಲ್ಲ ಮುಗಿದ ಮೇಲೆ ಬಟ್ಟೆಯನ್ನು ಮಗುಚಿ, ಹಿಂಬದಿಯಿಂದ ಕತ್ತರಿ. ಬಟ್ಟೆ ಹೋಗುತ್ತದೆ, ಕಡ್ಡಿ ಉಳಿಯುತ್ತದೆ.

ನಮ್ಮೂರಿನ ಮನೆಗಳಲ್ಲಿ ಇದು ದಿಂಬಿನ ಕವರಾಗಿ, ಟ್ರೇ ಬಟ್ಟೆಯಾಗಿ, ರೇಡಿಯೋದ ಮುಸುಕಾಗಿ, ಆಮೇಲೆ ಟಿ.ವಿ.ಯ ಮುಸುಕಾಗಿ ಇತ್ತು. ಮದುವೆಗೆ ನೋಡಲು ಬಂದವರೆದುರು ‘ಹುಡುಗಿಯ ಕೈಕೆಲಸ’ ಎಂದು ಬಿಡಿಸಿಡುವುದೂ ಇತ್ತು. ಹೊಲಿಗೆಯ ಪಾಠಪುಸ್ತಕಗಳೆಲ್ಲ ಇದನ್ನು ‘ಬಿಡುವಿನ ವೇಳೆಯ ಕಲೆ’ ಎಂದು ಕರೆಯುತ್ತಿದ್ದವು. ಈ ಮಾತೊಂದನ್ನು ನಾನು ಒಪ್ಪುವುದಿಲ್ಲ. ಕಟ್‌ವರ್ಕಿನ ಚರಿತ್ರೆಯನ್ನು ಓದುತ್ತ ಹೋದ ಹಾಗೆ ನನಗೆ ಕಂಡದ್ದು ಬಿಡುವಿದ್ದ ಹೆಂಗಸರಲ್ಲ, ಕೂಲಿಯ ಹೆಂಗಸರು.

ಮೊದಲು ಬಿಡುವಿದ್ದವರ ಕಥೆಯನ್ನೇ ನೋಡೋಣ. ಹದಿನಾರನೇ ಶತಮಾನದ ಇಟಲಿಯಲ್ಲಿ, ಅದರಲ್ಲೂ ವೆನಿಸಿನಲ್ಲಿ, ಬಿಳಿ ಲಿನನ್ ಬಟ್ಟೆಯಿಂದ ಉದ್ದೆಳೆ ಅಡ್ಡೆಳೆಗಳನ್ನು ಲೆಕ್ಕ ಹಾಕಿ ಕತ್ತರಿಸಿ ತೆಗೆದು, ಚೌಕ ಚೌಕದ ಬಲೆಯಷ್ಟನ್ನೇ ಉಳಿಸಿಕೊಂಡು, ಆ ಚೌಕಗಳೊಳಗೆ ಕಾಜಾ ಹೊಲಿಗೆಯಿಂದ ನಕ್ಷತ್ರ, ಚಕ್ರ, ತ್ರಿಕೋನ ಕಟ್ಟುತ್ತಿದ್ದರು. ರೆಟಿಚೆಲ್ಲಾ ಎಂದು ಅದರ ಹೆಸರು. ಬಿಳಿಯ ಮೇಲೆ ಬಿಳಿ. ಬಣ್ಣವಿಲ್ಲ, ಜರಿಯಿಲ್ಲ. ಆದರೂ ಅದು ಸಿರಿವಂತರ ಗುರುತೇ. ಅಷ್ಟು ಬಿಳಿ ಬಟ್ಟೆಯನ್ನು ಮತ್ತೆ ಮತ್ತೆ ಒಗೆಸಿ ಗಂಜಿ ಹಾಕಿಸುವ ಆಳುಕಾಳು ಇದ್ದವರಿಗೆ ಮಾತ್ರ ಅದು ಸಾಧ್ಯ.

ನಕ್ಷೆಗಳ ಪುಸ್ತಕಗಳೂ ಅಚ್ಚಾದವು. ವೆನಿಸಿನ ಫೆಡೆರಿಕೊ ವಿಂಚೊಲೊ 1587ರಲ್ಲಿ ಪ್ಯಾರಿಸಿನಲ್ಲಿ ಒಂದು ಪುಸ್ತಕ ಹೊರತಂದ; ಅದನ್ನು ಫ್ರಾನ್ಸಿನ ರಾಣಿಗೆ ಅರ್ಪಿಸಿದ್ದ. ಅದು ಮತ್ತೆ ಮತ್ತೆ ಅಚ್ಚಾಯಿತು. 1591ರಲ್ಲಿ ವೆನಿಸಿನಲ್ಲಿಯೇ ಚೆಸಾರೆ ವೆಚೆಲ್ಲಿಯೊ ಇನ್ನೊಂದನ್ನು ತಂದ. ಈತ ಮಹಾಚಿತ್ರಕಾರ ಟಿಷಿಯನ್ನನ ನೆಂಟ. ಇಂಥ ಪುಸ್ತಕಗಳ ಹಳೆಯ ಪ್ರತಿಗಳು ಇಂದು ಅಪರೂಪ. ಕಾರಣ ಕೇಳಿದರೆ ಹೊಲಿಗೆಯವರಿಗೆ ನಗು ಬಂದೀತು. ನಕ್ಷೆಯನ್ನು ಬಟ್ಟೆಗಿಳಿಸಲು ಪುಸ್ತಕದ ಹಾಳೆಗೇ ಸೂಜಿ ಚುಚ್ಚಿ ಪುಡಿ ಉದುರಿಸುತ್ತಿದ್ದರು. ನಾಲ್ಕು ನಕ್ಷೆ ಇಳಿಸುವಷ್ಟರಲ್ಲಿ ಪುಸ್ತಕವೇ ಜರಡಿ. ನನ್ನ ಬಟರ್ ಪೇಪರುಗಳ ಗತಿಯೂ ಅದೇ ಆಗಿದೆ.

ಚೌಕದ ಬಲೆಯಲ್ಲಿ ಬಳ್ಳಿ ಬಾಗುವುದಿಲ್ಲ. ಎಳೆ ನೇರ, ಹಾಗಾಗಿ ಹೂವೂ ನೇರ. ಬಾಗು ಬೇಕೆಂದವರು ಇನ್ನಷ್ಟು ಎಳೆ ಕಿತ್ತರು, ಮತ್ತಷ್ಟು ಕಿತ್ತರು. ಕೊನೆಗೆ ಬಟ್ಟೆಯೇ ಯಾಕೆ ಎನ್ನಿಸಿತು. ಚರ್ಮದ ಹಾಳೆಯ ಮೇಲೆ ನಕ್ಷೆ ಬರೆದು, ಗೆರೆಗುಂಟ ದಾರವನ್ನು ಟಾಕು ಹಾಕಿ ನಿಲ್ಲಿಸಿ, ಆ ದಾರಗಳ ಆಧಾರದ ಮೇಲೆಯೇ ಹೊಲಿಗೆ ಕಟ್ಟಿ, ಮುಗಿದ ಮೇಲೆ ಟಾಕು ಕತ್ತರಿಸಿ ಎತ್ತಿದರೆ ಕೈಗೆ ಬರುವುದು ಹೊಲಿಗೆ ಮಾತ್ರ. ‘ಗಾಳಿಯಲ್ಲಿ ಹಾಕಿದ ಹೊಲಿಗೆ’ ಎಂದು ಇಟಲಿಯವರು ಕರೆದದ್ದು ಇದನ್ನೇ. ಸೂಜಿಯ ಲೇಸು ಹುಟ್ಟಿದ್ದು ಹೀಗೆ, ಕಟ್‌ವರ್ಕಿನ ಹೊಟ್ಟೆಯಿಂದ. ಹಳೆಯ ಯುರೋಪಿನ ವರ್ಣಚಿತ್ರಗಳಲ್ಲಿ ಕುತ್ತಿಗೆಯ ಸುತ್ತ ತಟ್ಟೆಯಷ್ಟು ಅಗಲದ ಬಿಳಿ ಕಾಲರು ಹಾಕಿಕೊಂಡ ಗಂಡಸರನ್ನು ನೀವು ನೋಡಿರಬಹುದು. ಹೌದು, ಗಂಡಸರು. ಈ ಕೆಲಸವನ್ನು ಆಗ ಹೆಚ್ಚು ಮೆರೆಸಿದವರಲ್ಲಿ ಅವರೂ ಇದ್ದರು.

ಫ್ರಾನ್ಸಿನ ಸಿರಿವಂತರು ವೆನಿಸಿನ ಲೇಸಿಗೆ ಸುರಿಯುತ್ತಿದ್ದ ಹಣ ಕಂಡು ಮಂತ್ರಿ ಕೋಲ್ಬೇರ್ 1665ರಲ್ಲಿ ರಾಜಾಶ್ರಯದ ಲೇಸು ಕಾರ್ಖಾನೆಗಳನ್ನೇ ತೆರೆಸಿದ. ವೆನಿಸಿನಿಂದ ಕೆಲಸಗಾರ್ತಿಯರನ್ನು ಕರೆಸಿಕೊಂಡ. ಅವನಿಗಿಂತ ಮೊದಲಿನ ಮಂತ್ರಿ ಕಾರ್ಡಿನಲ್ ರಿಶಲಿಯು. ಕಡ್ಡಿಯ ಮೇಲೆ ಪುಟ್ಟ ಮುಳ್ಳಿನಂಥ ಗಂಟು ಬರುವ ಕಟ್‌ವರ್ಕಿಗೆ ಹತ್ತೊಂಬತ್ತನೇ ಶತಮಾನದ ಹೊಲಿಗೆ ಪುಸ್ತಕಗಳು ಅವನ ಹೆಸರಿಟ್ಟವು. ನಮ್ಮ ಕ್ಲಾಸಿನಲ್ಲಿ ಅದು ‘ರಿಚಲೂ’ ಆಗಿತ್ತು. ಸೂಜಿ ಹಿಡಿದವಳ ಹೆಸರು ಈ ಕೆಲಸಕ್ಕೆ ಬರಲಿಲ್ಲ, ಕಾಲರು ತೊಟ್ಟ ಮಂತ್ರಿಯ ಹೆಸರು ಬಂತು.

ಇನ್ನು ಕೂಲಿಯ ಕಥೆ.

1814ರಲ್ಲಿ ಸ್ಕಾಟ್ಲೆಂಡಿನ ಏರ್‌ಶೈರಿಗೆ ಒಬ್ಬ ಶ್ರೀಮಂತ ವಿಧವೆ, ಲೇಡಿ ಮೇರಿ ಮಾಂಟ್‌ಗೊಮೆರಿ, ತನ್ನ ಹಸುಗೂಸಿನ ಒಂದು ಫ್ರೆಂಚ್ ಅಂಗಿ ತಂದಳು. ಏರ್ ಪಟ್ಟಣದಲ್ಲಿ ಮಸ್ಲಿನ್ ಕಸೂತಿಯ ವ್ಯಾಪಾರ ಮಾಡುತ್ತಿದ್ದ ಮಿಸೆಸ್ ಜೇಮಿಸನ್ ಅದನ್ನು ಎರವಲು ಪಡೆದು, ಕಣ್ಣಿಟ್ಟು ನೋಡಿ ಕಂಡಿಗಳೊಳಗಿನ ಲೇಸು ಹೊಲಿಗೆ ಕಲಿತಳು, ಉಳಿದವರಿಗೆ ಕಲಿಸಿದಳು. ತೆಳು ಮಸ್ಲಿನ್ನಿನಲ್ಲಿ ಕಂಡಿ ಕೊರೆದು, ಅದರೊಳಗೆ ಜೇಡನ ಬಲೆಯಂತೆ ಹೊಲಿಗೆ ತುಂಬುವ ಕೆಲಸ. ಮಕ್ಕಳ ನಾಮಕರಣದ ಉದ್ದಂಗಿಗಳಿಗೆ ಅದು ದೇಶದೇಶದಲ್ಲಿ ಹೆಸರಾಯಿತು. ಗ್ಲಾಸ್ಗೋದ ವ್ಯಾಪಾರಿಗಳು ನಕ್ಷೆ ಅಚ್ಚೊತ್ತಿದ ಮಸ್ಲಿನ್ನನ್ನು ಏರ್‌ಶೈರಿನ, ಐರ್ಲೆಂಡಿನ ಹಳ್ಳಿಗಳಿಗೆ ಕಳಿಸಿ, ತುಂಡಿಗಿಷ್ಟು ಎಂದು ಕೂಲಿ ಕೊಟ್ಟು ಮಾಡಿಸಿಕೊಂಡರು.

ಇದು ಮುಳುಗಿದ್ದು 1860ರ ದಶಕದಲ್ಲಿ. ಯಂತ್ರವೂ ಒಂದು ಕಾರಣ, ಅಮೆರಿಕದ ಅಂತರ್ಯುದ್ಧ ಇನ್ನೊಂದು. 1861ರಿಂದ 1865ರವರೆಗೆ ಅಮೆರಿಕದ ಹತ್ತಿ ಇಂಗ್ಲೆಂಡಿಗೆ ಸರಿಯಾಗಿ ಬರಲಿಲ್ಲ. ಹತ್ತಿಯಿಲ್ಲದೆ ಮಸ್ಲಿನ್ ಇಲ್ಲ, ಮಸ್ಲಿನ್ ಇಲ್ಲದೆ ಕೂಲಿ ಇಲ್ಲ. ಇದೇ ನಾಲ್ಕು ವರ್ಷ ನಮ್ಮ ಧಾರವಾಡ, ಹುಬ್ಬಳ್ಳಿ, ಗದಗ ಸೀಮೆಯ ರೈತರಿಗೆ ಹತ್ತಿಯ ಧಾರಣೆ ಆಕಾಶಕ್ಕೇರಿದ ಕಾಲ. ಅಮೆರಿಕದಿಂದ ತರಿಸಿದ ಬೀಜದ ‘ಧಾರವಾಡ ಅಮೆರಿಕನ್’ ಹತ್ತಿ ಅಲ್ಲಿನ ಎರೆಹೊಲಗಳಲ್ಲಿ ಆಗಲೇ ಬೇರೂರಿತ್ತು. ಏರ್‌ಶೈರಿನಲ್ಲಿ ಸೂಜಿ ಕೆಳಗಿಟ್ಟ ಹೆಂಗಸಿಗೂ ಗದಗಿನಲ್ಲಿ ಹತ್ತಿ ಬಿಡಿಸಿದ ಹೆಂಗಸಿಗೂ ಒಬ್ಬರ ಸುದ್ದಿ ಒಬ್ಬರಿಗೆ ತಿಳಿದಿರಲಿಕ್ಕಿಲ್ಲ.

ಐರ್ಲೆಂಡಿನ ಕ್ಯಾರಿಕ್‌ಮ್ಯಾಕ್ರಾಸ್ ಕೆಲಸವೂ ಕತ್ತರಿಯದೇ. ನೆಟ್ ಬಟ್ಟೆಯ ಮೇಲೆ ತೆಳು ಮಸ್ಲಿನ್ ಇಟ್ಟು, ಗೆರೆಗುಂಟ ದಾರ ಕೂರಿಸಿ ಹೊಲಿದು, ಗೆರೆಯ ಹೊರಗಿನ ಮಸ್ಲಿನ್ನನ್ನು ಕತ್ತರಿಸಿ ತೆಗೆಯುತ್ತಾರೆ. ಕೆಳಗಿನ ನೆಟ್ಟಿಗೆ ಕತ್ತರಿಯ ಮೊನೆ ತಾಗಬಾರದು. 1820ರ ಸುಮಾರಿಗೆ ಒಬ್ಬ ಪಾದ್ರಿಯ ಹೆಂಡತಿ ಅಲ್ಲಿ ಇದನ್ನು ಶುರು ಮಾಡಿಸಿದ್ದಳು. ಆದರೆ ಕಸುಬಾಗಿ ಹಬ್ಬಿದ್ದು 1845ರ ನಂತರದ ಆಲೂಗಡ್ಡೆ ಬರಗಾಲದಲ್ಲಿ, ಹಸಿದ ಮನೆಗಳ ಹೆಣ್ಣುಮಕ್ಕಳಿಗಾಗಿ ಜಮೀನುದಾರರ ಎಸ್ಟೇಟುಗಳಲ್ಲಿ ಲೇಸು ಶಾಲೆಗಳು ತೆರೆದಾಗ. 2011ರಲ್ಲಿ ಇಂಗ್ಲೆಂಡಿನ ರಾಜಕುಮಾರ ವಿಲಿಯಂನ ಮದುವೆಯಲ್ಲಿ ಕೇಟ್ ಉಟ್ಟ ಗೌನಿನ ಲೇಸಿಗೆ ಈ ಕ್ಯಾರಿಕ್‌ಮ್ಯಾಕ್ರಾಸ್ ವಿಧಾನವೇ ಮಾದರಿ. ಟಿ.ವಿ.ಯವರು ಗೌನಿನ ಉದ್ದ ಹೇಳಿದರು, ಬರಗಾಲದ ಮಾತೆತ್ತಿದ್ದನ್ನು ನಾನು ಕೇಳಲಿಲ್ಲ.

ವೆನಿಸಿನ ಪಕ್ಕದ ಬುರಾನೊ ದ್ವೀಪದಲ್ಲಿಯೂ ಹಾಗೆಯೇ. 1872ರ ಕಡು ಚಳಿಗೆ ಅಲ್ಲಿನ ಹಿನ್ನೀರು ಹೆಪ್ಪುಗಟ್ಟಿತು, ಮೀನುಗಾರರು ಬಲೆ ಹಾಕುವಂತಿರಲಿಲ್ಲ. ಅವರ ಹೆಂಡತಿ ಮಕ್ಕಳಿಗೆ ಕೂಳು ಕಾಣಿಸಲು ಲೇಸು ಶಾಲೆ ತೆರೆದರು. ಹಳೆಯ ಹೊಲಿಗೆ ನೆನಪಿದ್ದ ಚೆಂಚಾ ಸ್ಕಾರ್ಪರಿಯೋಲಾ ಎಂಬ ಮುದುಕಿಯೊಬ್ಬಳನ್ನು ಹುಡುಕಿ ಅವಳಿಂದ ಕಲಿತರು. ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ದೋಣಿ ದಡಕ್ಕೆ ಬಿದ್ದಾಗ ಮನೆ ನಡೆಸುವುದು ಯಾರ ಕೈ ಎಂದು ನಮಗೆ ಗೊತ್ತು.

ಮದೇರಾ ದ್ವೀಪದ್ದು ಇವೆಲ್ಲಕ್ಕಿಂತ ದೊಡ್ಡ ಕಥೆ. ಅಟ್ಲಾಂಟಿಕ್ ಸಮುದ್ರದ ನಡುವೆ ಪೋರ್ಚುಗೀಸರ ಗುಡ್ಡಗಾಡು ದ್ವೀಪ. ದ್ರಾಕ್ಷಿ ಬೆಳೆದು ವೈನು ಮಾಡಿ ಮಾರುವುದೇ ಬದುಕು. 1852ರಲ್ಲಿ ಬಳ್ಳಿಗೆ ಬೂದಿರೋಗ ಬಂತು. ತೋಟಗಳು ಒಣಗಿದವು. ಚೇತರಿಸಿಕೊಳ್ಳುವಷ್ಟರಲ್ಲಿ 1872ರಲ್ಲಿ ಬೇರು ತಿನ್ನುವ ಹೇನು ಬಂತು. ಈ ನಡುವೆ, ದ್ವೀಪದ ಫುಂಚಾಲ್ ಪಟ್ಟಣದಲ್ಲಿ ನೆಲೆಸಿದ್ದ ಇಂಗ್ಲಿಷ್ ವೈನ್ ವ್ಯಾಪಾರಿಯ ಮಗಳು ಎಲಿಜಬೆತ್ ಫೆಲ್ಪ್ಸ್ ಹಳ್ಳಿಯ ಹೆಂಗಸರಿಂದ ಬಿಳಿ ಕಸೂತಿ ಮಾಡಿಸಿ 1850ರ ದಶಕದಲ್ಲಿ ಲಂಡನ್ನಿಗೆ ಒಯ್ದು ಮಾರತೊಡಗಿದಳು. ಆಗ ಇಂಗ್ಲೆಂಡಿನಲ್ಲಿ ಫ್ಯಾಷನ್ನಿನಲ್ಲಿದ್ದದ್ದು ಬ್ರೋಡರಿ ಆಂಗ್ಲೇಸ್. ಮೊನೆಯ ಕಡ್ಡಿಯಿಂದ ಬಟ್ಟೆಗೆ ಗುಂಡು ತೂತು ಚುಚ್ಚಿ ಅಥವಾ ಎಲೆಯಾಕಾರಕ್ಕೆ ಕತ್ತರಿಸಿ, ಅಂಚನ್ನು ಸುತ್ತಿ ಸುತ್ತಿ ಹೊಲಿಯುವುದು. ಪೆಟಿಕೋಟಿನ ಅಂಚು, ಮಕ್ಕಳ ಟೊಪ್ಪಿ, ರಾತ್ರಿಯ ಅಂಗಿ ಎಲ್ಲಕ್ಕೂ ಅದೇ. ಮದೇರಾದ ಹೆಂಗಸರು ಅದನ್ನು ಇಂಗ್ಲಿಷರಿಗಿಂತ ಚೆನ್ನಾಗಿ ಮಾಡಿದರು.

ಮುಂದೆ ಜರ್ಮನ್ ವ್ಯಾಪಾರಿಗಳು ಬಂದರು. ಕೆಲಸದ ವ್ಯವಸ್ಥೆ ಗಟ್ಟಿಯಾಯಿತು. ನಕ್ಷೆ ಬರೆಯುವುದು, ಕಾಗದಕ್ಕೆ ಯಂತ್ರದಲ್ಲಿ ತೂತು ಹೊಡೆಯುವುದು, ನೀಲಿ ಒರೆಸಿ ಬಟ್ಟೆಗೆ ಇಳಿಸುವುದು ಫುಂಚಾಲಿನ ಕಾರ್ಖಾನೆಯಲ್ಲಿ. ಅಲ್ಲಿಂದ ಏಜೆಂಟರು ಬಟ್ಟೆಯನ್ನೂ ದಾರವನ್ನೂ ಗುಡ್ಡದ ಹಳ್ಳಿಗಳಿಗೆ ಹೊತ್ತೊಯ್ದು ಮನೆಮನೆಗೆ ಹಂಚುತ್ತಿದ್ದರು. ಹೊಲಿದದ್ದನ್ನು ವಾಪಸು ತಂದು ಕಾರ್ಖಾನೆಯಲ್ಲಿ ಪರೀಕ್ಷಿಸಿ, ಒಗೆದು, ಇಸ್ತ್ರಿ ಹಾಕಿ, ಸೀಸದ ಮುದ್ರೆ ಕಟ್ಟಿ ಹಡಗಿಗೆ ಏರಿಸುವುದು. ನಮ್ಮ ಊರುಗಳ ಬೀಡಿ ಬ್ರಾಂಚನ್ನು ನೆನೆಸಿಕೊಳ್ಳಿ. ಎಲೆ, ಹೊಗೆಸೊಪ್ಪು, ನೂಲು ಬ್ರಾಂಚಿನವರದು, ಕೈ, ಕಣ್ಣು, ಬೆನ್ನು ಮನೆಯವಳದು, ಕೂಲಿ ಸಾವಿರಕ್ಕಿಷ್ಟು. ಮದೇರಾದಲ್ಲಿಯೂ ಲೆಕ್ಕವೇ. ಒಂದು ನಕ್ಷೆಯಲ್ಲಿ ಎಷ್ಟು ಹೊಲಿಗೆ ಬರುತ್ತದೆಂದು ಕಾರ್ಖಾನೆಯಲ್ಲಿ ಎಣಿಸಿಡುತ್ತಾರೆ. ಆ ಎಣಿಕೆಯ ಮೇಲೆ ಹೆಂಗಸಿನ ಕೂಲಿ. ಗೆರೆಯ ಉದ್ದ ಅಳೆಯುವ ಪುಟ್ಟ ಗಾಲಿಯ ಉಪಕರಣವನ್ನೂ ಇದಕ್ಕೆ ಬಳಸಿದರು. ಹೊಲಿಗೆ ಬಿಚ್ಚಿ ಮತ್ತೆ ಹಾಕಿದ್ದು, ದೀಪ ಆರಿದ್ದು, ಮಗು ಎದ್ದದ್ದು ಯಾವುದೂ ಆ ಎಣಿಕೆಗೆ ಬರುವುದಿಲ್ಲ. ಮದೇರಾ ಕಸೂತಿ ಇಂದಿಗೂ ಉಳಿದಿದೆ. ಅಸಲಿ ಎಂಬ ಮುದ್ರೆಯೂ ಉಂಟು, ಬೆಲೆಯೂ ಉಂಟು.

ಕೈಗೆ ಪೈಪೋಟಿ ಹೂಡಿದ ಯಂತ್ರ ಹುಟ್ಟಿದ ಊರು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಹೊಲಿಗೆ ಕಲಿತವರಿಗೆಲ್ಲ ಡಿಎಂಸಿ ದಾರ ಗೊತ್ತು. ಹತ್ತಿದಾರಕ್ಕೆ ರೇಷ್ಮೆಯ ಹೊಳಪು. ತೊಳೆದರೆ ಬಣ್ಣ ಬಿಡದು. ಆ ಕಂಪನಿಯ ಊರು ಮುಲ್ಹೌಸ್, ಈಗ ಫ್ರಾನ್ಸಿನಲ್ಲಿದೆ. ಹೊಲಿಗೆಯ ಮಹಾಕೋಶವೊಂದನ್ನು ಬರೆದ ತೆರೇಸ್ ದ ದಿಲ್ಮಾಂ 1880ರ ದಶಕದಲ್ಲಿ ಅದೇ ಊರಿನ ಪಕ್ಕದ ಡಾರ್ನಾಕಿನಲ್ಲಿ, ಅದೇ ಕಂಪನಿಯ ಆಸರೆಯಲ್ಲಿ ಕೆಲಸ ಮಾಡಿದಳು. ಪುಸ್ತಕ ಅಚ್ಚಾದದ್ದು 1886ರಲ್ಲಿ. ಕಟ್‌ವರ್ಕಿನ ಕಡ್ಡಿಯನ್ನು ಹೇಗೆ ಕಟ್ಟಬೇಕೆಂದು ಅಷ್ಟು ನಿಚ್ಚಳವಾಗಿ ಚಿತ್ರ ಹಾಕಿ ತೋರಿಸಿದ ಪುಸ್ತಕವನ್ನು ನಾನು ಬೇರೆ ನೋಡಿಲ್ಲ. ಆದರೆ ಅದಕ್ಕೂ ಅರ್ಧ ಶತಮಾನ ಮೊದಲೇ, 1828ರ ಸುಮಾರಿಗೆ, ಇದೇ ಮುಲ್ಹೌಸಿನ ಜೊಸ್ಯೂ ಹೈಲ್ಮನ್ ಎಂಬವನು ಕಸೂತಿ ಯಂತ್ರ ಕಂಡುಹಿಡಿದಿದ್ದ. ಎರಡೂ ತುದಿ ಚೂಪಾಗಿ, ನಡುವೆ ಕಣ್ಣಿರುವ ಸೂಜಿಗಳ ಸಾಲು. ಒಬ್ಬ ಆಳು ಕೂತು ದೊಡ್ಡದಾಗಿ ಬರೆದ ನಕ್ಷೆಯ ಗೆರೆಯ ಮೇಲೆ ಮುಳ್ಳು ಓಡಿಸಿದರೆ, ಎದುರಿಗಿನ ಬಟ್ಟೆಯ ಮೇಲೆ ಅಷ್ಟೂ ಸೂಜಿಗಳು ಅದೇ ಹೂವನ್ನು ಚಿಕ್ಕದಾಗಿ ಹೊಲಿಯುತ್ತವೆ. ಕೈಗೆ ದಾರ ಕೊಟ್ಟ ಊರೇ ಕೈಯ ಕೆಲಸ ಕಸಿಯುವ ಯಂತ್ರವನ್ನೂ ಕೊಟ್ಟಿತು.

ಅದು ಮನೆ ಮಾಡಿಕೊಂಡದ್ದು ಸ್ವಿಟ್ಜರ್ಲೆಂಡಿನ ಸೇಂಟ್ ಗಾಲೆನ್ ಸೀಮೆಯಲ್ಲಿ. ಹಳ್ಳಿಯ ರೈತರು ಸಾಲ ಮಾಡಿ ಯಂತ್ರ ಕೊಂಡು ಮನೆಯ ನೆಲಮಾಳಿಗೆಯಲ್ಲಿ ಇಟ್ಟುಕೊಂಡರು. ಗಂಡ ಯಂತ್ರ ನಡೆಸುವುದು. ಹೆಂಡತಿ ದಾರ ಕಡಿದಿದ್ದನ್ನು ನೋಡಿ ಸರಿಪಡಿಸುವುದು. ಸೂಜಿಗಳಿಗೆ ದಾರ ಪೋಣಿಸುವುದು ಮಕ್ಕಳ ಪಾಲು. ನೂರಾರು ಸೂಜಿ. ಶಾಲೆಗೆ ಹೋಗುವ ಮುಂಚೆ ಒಂದಿಷ್ಟು, ಬಂದ ಮೇಲೆ ರಾತ್ರಿಯವರೆಗೆ ಒಂದಿಷ್ಟು. ಪೋಣಿಸುವ ಮಕ್ಕಳೆಂದೇ ಆ ಸೀಮೆಯಲ್ಲಿ ಅವರಿಗೆ ಹೆಸರಿತ್ತು. ‘ಯಂತ್ರದ ಕೆಲಸ’ ಎಂದು ನಾವು ಕರೆಯುವುದರೊಳಗೂ ಎಷ್ಟು ಪುಟ್ಟ ಕೈಗಳಿದ್ದವು ನೋಡಿ.

1863ರಲ್ಲಿ ಅದೇ ಸೀಮೆಯ ಇಸಾಕ್ ಗ್ರ್ಯೋಬ್ಲಿ ಹೊಲಿಗೆ ಮಿಷನ್ನಿನಿಂದ ಉಪಾಯ ಕಲಿತು, ಹಿಂದಿನಿಂದ ಲಾಳಿಯ ದಾರ ಓಡುವ ಶಿಫ್ಲಿ ಯಂತ್ರ ಮಾಡಿದ. ಈಗ ದಾರ ಮತ್ತೆ ಮತ್ತೆ ಪೋಣಿಸಬೇಕಿಲ್ಲ, ಉಂಡೆ ತೀರುವವರೆಗೆ ಓಡುತ್ತದೆ. ಬಟ್ಟೆಗೆ ತೂತು ಕೊರೆಯುವ ಮೊನೆಗಳನ್ನೂ ಯಂತ್ರಕ್ಕೆ ಜೋಡಿಸಿದರು. ತೂತು ಕೊರೆದು, ಅದರ ಅಂಚು ಸುತ್ತಿ ಹೊಲಿದು, ಗಜಗಟ್ಟಲೆ ಬ್ರೋಡರಿ ಆಂಗ್ಲೇಸ್ ಹೊರಬಂತು. 1880ರ ದಶಕದಲ್ಲಿ ಇನ್ನೊಂದು ಚಮತ್ಕಾರ. ಒಂದು ಬಟ್ಟೆಯ ಮೇಲೆ ಹೊಲಿದು, ರಾಸಾಯನಿಕದಿಂದ ಬಟ್ಟೆಯನ್ನೇ ಕರಗಿಸಿಬಿಟ್ಟರೆ ಉಳಿಯುವುದು ಲೇಸು. ವೆನಿಸಿನ ಹೆಂಗಸರು ಎಳೆ ಎಳೆ ಕತ್ತರಿಸಿ ತಲೆಮಾರುಗಳಲ್ಲಿ ಮುಟ್ಟಿದ ಜಾಗಕ್ಕೆ ಒಂದು ತೊಟ್ಟಿಯ ದ್ರಾವಣ ಒಂದೇ ದಿನದಲ್ಲಿ ಮುಟ್ಟಿಸಿತು. ಅಲ್ಲಿ ಬಟ್ಟೆ ಹೋಗಿತ್ತು, ಇಲ್ಲಿ ಕತ್ತರಿಯೂ ಹೋಯಿತು.

1910ರ ಹೊತ್ತಿಗೆ ಸ್ವಿಟ್ಜರ್ಲೆಂಡಿನ ರಫ್ತಿನಲ್ಲಿ ಕಸೂತಿಗೇ ಮೊದಲ ಸ್ಥಾನ, ಗಡಿಯಾರಕ್ಕಲ್ಲ. ಆಮೇಲೆ ಮಹಾಯುದ್ಧ ಬಂತು. ಯುದ್ಧ ಮುಗಿದು ಹೆಂಗಸರು ಮೊಣಕಾಲುದ್ದದ ಸರಳ ಉಡುಪಿಗೆ ಬಂದಾಗ ಪೆಟಿಕೋಟಿನ ಲೇಸು ಯಾರಿಗೆ ಬೇಕು? 1920ರ ದಶಕದಲ್ಲಿ ಸರ್ಕಾರದ ನೆರವಿನಿಂದಲೇ ಯಂತ್ರಗಳನ್ನು ಒಡೆದು ಗುಜರಿಗೆ ಹಾಕಿಸಿದರು. ಕೈಯನ್ನು ನುಂಗಿದ ಯಂತ್ರವನ್ನು ಫ್ಯಾಷನ್ ನುಂಗಿತು.

ಯಂತ್ರಕ್ಕೆ ಸಿಟ್ಟಾದವರೂ ಇದ್ದರು. ಇಂಗ್ಲೆಂಡಿನ ಲೇಖಕ ಜಾನ್ ರಸ್ಕಿನ್ ಅವರಲ್ಲಿ ಮುಂದಾಳು. ಅವನ ಅಭಿಮಾನಿ ಆಲ್ಬರ್ಟ್ ಫ್ಲೆಮಿಂಗ್ 1883ರಲ್ಲಿ ಸರೋವರ ಸೀಮೆಯ ಲ್ಯಾಂಗ್ಡೇಲಿನಲ್ಲಿ ಅಟ್ಟ ಸೇರಿದ್ದ ನೂಲುವ ರಾಟೆಗಳನ್ನು ಮತ್ತೆ ಇಳಿಸಿ, ಹಳ್ಳಿ ಹೆಂಗಸರಿಂದ ಲಿನನ್ ನೂಲು ತೆಗೆಸಿ, ಬಟ್ಟೆ ನೇಯಿಸಿದ. ಆ ಬಟ್ಟೆಯ ಮೇಲೆ ಹಳೆಯ ಇಟಲಿಯ ರೆಟಿಚೆಲ್ಲಾ ಮಾದರಿಯಲ್ಲಿ ಎಳೆ ಕತ್ತರಿಸಿ ಹೊಲಿಯುವ ಕೆಲಸ ಬೆಳೆಯಿತು. ‘ರಸ್ಕಿನ್ ಲೇಸು’ ಎಂದು ಇಂದಿಗೂ ಅಲ್ಲಿ ಕಲಿಸುತ್ತಾರೆ. 1900ರ ಜನವರಿಯಲ್ಲಿ ರಸ್ಕಿನ್ ತೀರಿಕೊಂಡಾಗ ಅವನ ಶವಪೆಟ್ಟಿಗೆಗೆ ಹೊದಿಸಿದ್ದು ಆ ಸರೋವರ ಸೀಮೆಯ ಹೆಂಗಸರ ಕೈಯ ಲಿನನ್. ಅದರ ಮೇಲೆ ಕಾಡುಗುಲಾಬಿಯ ಕಸೂತಿ, ಜೊತೆಗೆ ಅವನ ‘ಅನ್‌ಟು ದಿಸ್ ಲಾಸ್ಟ್’ ಪುಸ್ತಕದ ಹೆಸರು. ನಾಲ್ಕು ವರ್ಷದ ಮೇಲೆ, 1904ರಲ್ಲಿ, ಜೋಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೋಗುವ ರೈಲಿನಲ್ಲಿ ಗಾಂಧೀಜಿ ಓದಿದ್ದು ಅದೇ ಪುಸ್ತಕ. ‘ಸರ್ವೋದಯ’ ಎಂದು ಗುಜರಾತಿಗೆ ಇಳಿಸಿದ್ದೂ ಅದನ್ನೇ. ಲ್ಯಾಂಗ್ಡೇಲಿನ ರಾಟೆಯ ವಿಷಯ ಗಾಂಧೀಜಿಗೆ ಗೊತ್ತಿತ್ತೆಂದು ನಾನು ಹೇಳುತ್ತಿಲ್ಲ. ಒಂದೇ ಪುಸ್ತಕದ ನೆರಳಿನಲ್ಲಿ ಎರಡು ರಾಟೆ ತಿರುಗಿದವು ಎಂದಷ್ಟೇ ಹೇಳುತ್ತೇನೆ.

ನಮ್ಮ ನಾಡಿನ ಹಳೆಯ ಕಸೂತಿಗಳಲ್ಲಿ ಹೀಗೆ ಬಟ್ಟೆ ಕತ್ತರಿಸಿ ತೆಗೆಯುವ ರೂಢಿ ಕಾಣುವುದಿಲ್ಲ. ಧಾರವಾಡದ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತಿ ಎಲ್ಲ ಎಳೆ ಎಣಿಸಿ ಹಾಕುವುದು. ಎಳೆಗೆ ಕತ್ತರಿ ತಾಗಿಸುವುದಿಲ್ಲ. ಲಕ್ನೋದ ಚಿಕನ್ ಕೆಲಸದಲ್ಲಿ ಜಾಲಿಯ ಕಂಡಿಗಳಿವೆ, ಆದರೆ ಅವು ಸೂಜಿಯಿಂದ ಎಳೆಗಳನ್ನು ಪಕ್ಕಕ್ಕೆ ಸರಿಸಿ ಬಿಗಿದ ಕಂಡಿಗಳು. ನಾನು ಮೊದಲ ಸಲ ಕಟ್‌ವರ್ಕಿನ ಬಟ್ಟೆ ಮನೆಗೆ ತಂದಾಗ ಅಜ್ಜಿ, “ಹೊಸ ಬಟ್ಟೆಗೆ ಎಂತಕ್ಕೆ ಒಟ್ಟೆ ಮಾಡುದು ಮಗಾ?” ಎಂದು ಕೇಳಿದ್ದರು. ತೂತು ಬಿದ್ದದ್ದು ಮನೆಗೆ ದರಿದ್ರ ಎಂದು ನಂಬಿದವರಿಗೆ ಅದು ಸಹಜವಾದ ಪ್ರಶ್ನೆ.

ಕಟ್‌ವರ್ಕು ನಮ್ಮಲ್ಲಿಗೆ ಬಂದದ್ದು ಮಿಷನ್ ಶಾಲೆಗಳ, ಕಾನ್ವೆಂಟುಗಳ ದಾರಿಯಿಂದ. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂತು, 1870ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಿಸ್ಟರುಗಳು ಬಂದರು. ಹೆಣ್ಣುಮಕ್ಕಳ ಶಾಲೆಯೆಂದರೆ ಓದು, ಲೆಕ್ಕ, ಹೊಲಿಗೆ. ದಕ್ಷಿಣಕ್ಕೆ ಹೋದರೆ ಇನ್ನೂ ಹಳೆಯ ಕಥೆ. ನಾಗರಕೋವಿಲಿಗೆ 1819ರಲ್ಲಿ ಬಂದ ಮಾಲ್ಟ್ ದಂಪತಿಗಳಲ್ಲಿ ಹೆಂಡತಿ ಅಲ್ಲಿನ ಹುಡುಗಿಯರಿಗೆ ಲೇಸು ಕಲಿಸಿದಳು. ತಿರುವಾಂಕೂರಿನಲ್ಲಿ ಆಗಿನ್ನೂ ಜೀತ ಇತ್ತು. ಲೇಸಿನ ಸಂಪಾದನೆಯಿಂದ ಬಿಡುಗಡೆ ಕೊಂಡುಕೊಂಡ ಹೆಣ್ಣುಮಕ್ಕಳು ಅಲ್ಲಿದ್ದರು. ಈ ಮಾಲ್ಟರ ಮಗಳು ಎಲೈಜಾ. ಅವಳ ಗಂಡ ರಾಬರ್ಟ್ ಕಾಲ್ಡ್‌ವೆಲ್. ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದ ಕಾಲ್ಡ್‌ವೆಲ್ಲರನ್ನು ನಮ್ಮ ಕನ್ನಡ ಮೇಷ್ಟ್ರುಗಳು ಪಾಠದಲ್ಲಿ ಹೇಳುತ್ತಾರೆ. ತಿರುನೆಲ್ವೇಲಿ ಸೀಮೆಯ ಇಡೈಯನ್‌ಗುಡಿಯಲ್ಲಿ ಎಲೈಜಾ ನಡೆಸಿದ ಲೇಸು ಶಾಲೆಯನ್ನು ಯಾರೂ ಹೇಳುವುದಿಲ್ಲ.

ಇದೇ ಮರೆವನ್ನು ಆಂಧ್ರದ ನರಸಾಪುರದಲ್ಲಿ ಮರಿಯಾ ಮೀಸ್ ಎಂಬ ಜರ್ಮನ್ ವಿದ್ವಾಂಸೆ ಹಿಡಿದು ತೋರಿಸಿದರು. ಅಲ್ಲಿನದು ಕ್ರೋಶಾ ಲೇಸು. ಕತ್ತರಿಯ ಕೆಲಸವಲ್ಲ, ಆದರೆ ಒಕ್ಕಲು ಒಂದೇ. ಮನೆಯಲ್ಲಿ ಕೂತು ವಿದೇಶಕ್ಕೆ ಹೋಗುವ ಲೇಸು ಹೆಣೆಯುವ ಸಾವಿರಾರು ಹೆಂಗಸರನ್ನು ಕೆಲಸಗಾರ್ತಿಯರೆಂದು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅವರು ಗೃಹಿಣಿಯರು, ಲೇಸು ಅವರ ಬಿಡುವಿನ ಕೆಲಸ. ಹಾಗೆಂದುಕೊಂಡರೆ ಕೂಲಿ ಕಡಿಮೆ ಕೊಡಬಹುದಲ್ಲ! 1982ರಲ್ಲಿ ಬಂದ ಅವರ ಪುಸ್ತಕದ ಸಾರ ಇಷ್ಟು. ನನ್ನ ಪಾಠಪುಸ್ತಕದ ‘ಬಿಡುವಿನ ವೇಳೆಯ ಕಲೆ’ ಎಂಬ ಸಾಲು ಎಲ್ಲಿಂದ ಬಂತೆಂದು ತಿಳಿದದ್ದು ನನಗೆ ಆಗ.

ಯಂತ್ರದ ಕಟ್‌ವರ್ಕು ನಮಗೆ ಬಂದದ್ದು ಬ್ಲೌಸಿನ ಬಟ್ಟೆಯಾಗಿ. ‘ಹಕೋಬಾ’ ಒಂದು ಬ್ರ್ಯಾಂಡಿನ ಹೆಸರು. ಅಂಗಡಿಯವರ ಬಾಯಲ್ಲಿ ತೂತುತೂತಿನ ಕಸೂತಿ ಬಟ್ಟೆಗೆಲ್ಲ ಅದೇ ಆಯಿತು. ಬಿಳಿ ಹಕೋಬಾ ಬ್ಲೌಸೊಂದಿದ್ದರೆ ಯಾವ ಸೀರೆಗೂ ಆಗುತ್ತಿತ್ತು. ಟೀಚರುಗಳ ಪೈಕಿ ಅದಿಲ್ಲದವರು ಕಡಿಮೆ. ಅದು ಸೇಂಟ್ ಗಾಲೆನ್ನಿನ ಶಿಫ್ಲಿ ಯಂತ್ರದ ಸಂತಾನವೇ. ಈಗ ಕಂಪ್ಯೂಟರ್ ಎಂಬ್ರಾಯ್ಡರಿಯ ಕಾಲ. ಸಿಂಥೆಟಿಕ್ ಬಟ್ಟೆಯ ಬ್ಲೌಸಿಗೆ ಆರಿ ಕೆಲಸ ಮಾಡಿ, ತೋಳಿನ ಅಂಚನ್ನು ಕಾದ ಸೋಲ್ಡರಿಂಗ್ ಕಡ್ಡಿಯಿಂ‍ದಲೋ ಊದುಬತ್ತಿಯಿಂದಲೋ ಸುಟ್ಟು ‘ಕಟ್‌ವರ್ಕ್’ ಮಾಡುತ್ತಾರೆ. ಎಳೆ ಕರಗಿ ಅಂಟಿಕೊಳ್ಳುವುದರಿಂದ ಬಿಚ್ಚಿಕೊಳ್ಳುವುದಿಲ್ಲ. ಜಾಣತನವೇ ಸರಿ, ನನಗೆ ಅದರ ಮೇಲೆ ಕೋಪವಿಲ್ಲ. ಕೈಕೆಲಸ ಎಂದು ಹೇಳಿ ಮಾರಬಾರದು, ಅಷ್ಟೇ.

ಗುರುತು ಹಿಡಿಯುವುದು ಕಷ್ಟವಲ್ಲ. ಬಟ್ಟೆಯನ್ನು ಮಗುಚಿ ನೋಡಿ. ಹಿಂಬದಿಯಲ್ಲಿ ಬಾಬಿನ್ನಿನ ಬೇರೆ ದಾರ ಓಡಿದ್ದರೆ ಯಂತ್ರದ್ದು. ಕಂಡಿಯ ಅಂಚಿನಲ್ಲಿ ಗಂಟುಗಂಟಾಗಿ ಸರಪಳಿಯಂಥ ದಂಡೆ ಇದ್ದು, ಕತ್ತರಿಸಿದ ಎಳೆ ಕಾಣದಂತೆ ಮುಚ್ಚಿದ್ದರೆ ಕೈಯದು. ಮನೆಯ ಟ್ರಂಕಿನಲ್ಲಿ ಅಂಥದ್ದು ಸಿಕ್ಕರೆ ವಾಷಿಂಗ್ ಮಿಷನ್ನಿಗೆ ಹಾಕಬೇಡಿ, ಬ್ಲೀಚಿಂಗ್ ಬೇಡ, ಕಡ್ಡಿಗಳ ಮೇಲೆ ಮಡಿಕೆ ಬೀಳಿಸಬೇಡಿ. ದಪ್ಪ ಟವೆಲಿನ ಮೇಲೆ ಮಗುಚಿ ಹಾಸಿ ಇಸ್ತ್ರಿ ಮಾಡಿ. ಒಂದು ಕಡ್ಡಿ ಕಡಿದಿದ್ದರೆ ಮೂರೆಳೆ ಹಾಯಿಸಿ ಮತ್ತೆ ಕಟ್ಟಬಹುದು.

ಹೊಸದಾಗಿ ಮಾಡಿಸುವವರಿಗೆ ಒಂದು ಮಾತು. ಕೈಯಲ್ಲಿ ಕಟ್‌ವರ್ಕ್ ಮಾಡಬಲ್ಲವರು ನಮ್ಮೂರುಗಳಲ್ಲಿ ಇನ್ನೂ ಇದ್ದಾರೆ, ಹುಡುಕಿದರೆ ಸಿಗುತ್ತಾರೆ. ಅವರ ಹತ್ತಿರ ತುಂಡಿಗೆಷ್ಟು ಎಂದು ಕೇಳಬೇಡಿ. ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳಿ, ಗಾರೆ ಕೆಲಸದ ಮೇಸ್ತ್ರಿಗೆ ಕೊಡುವ ದಿನಗೂಲಿಯ ಲೆಕ್ಕದಲ್ಲೇ ಕೊಡಿ.